ಯಾವ ತಕ್ಕಡಿ, ಯಾವ ಅಳತೆ? ಹಳೆಯ ಫೋಟೊ ಮುದ್ರಣ ವಿಧಾನಗಳಿಗೆ ರಾಸಾಯನಿಕ ತೂಗುವವರಿಗೆ

ಬೆಳ್ಳಿ, ಕಬ್ಬಿಣದ ಲವಣಗಳಿಂದ ಕಂದು ಚಿತ್ರ ಕೊಡುವ ವ್ಯಾನ್ ಡೈಕ್ ಬ್ರೌನ್ ವಿಧಾನಕ್ಕೆ ನನ್ನ ಮೊದಲ ದ್ರಾವಣ ತಯಾರಾದದ್ದು ಅಡುಗೆಮನೆಯ ತಕ್ಕಡಿಯ ಮೇಲೆ. ಸೂತ್ರದಲ್ಲಿ ಟಾರ್ಟಾರಿಕ್ ಆಮ್ಲ 1.5 ಗ್ರಾಂ ಎಂದಿತ್ತು. ತಕ್ಕಡಿಯೋ ಪೂರ್ಣ ಗ್ರಾಂಗಳನ್ನು ಮಾತ್ರ ತೋರಿಸುವಂಥದ್ದು. ಚಮಚದ ಹಿಡಿಯನ್ನು ಬೆರಳಿನಿಂದ ತಟ್ಟುತ್ತ ಪುಡಿ ಉದುರಿಸಿದೆ. ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಲೇ 2. ಚೂರು ತೆಗೆದರೆ 1. ಒಂದಕ್ಕೂ ಎರಡಕ್ಕೂ ನಡುವೆ ಎಲ್ಲೋ ಒಂದೂವರೆ ಇದ್ದೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡು ನೀರಿಗೆ ಸುರಿದೆ. ಆ ದ್ರಾವಣದಲ್ಲಿ ಚಿತ್ರಗಳು ಒಂದು ರೀತಿ ಬಂದವು, ಮುಂದಿನ ಸಲದ ದ್ರಾವಣದಲ್ಲಿ ಇನ್ನೊಂದು ರೀತಿ. ಕಾಗದವನ್ನು ದೂರಿದೆ, ನೀರನ್ನು ದೂರಿದೆ, ಬಿಸಿಲನ್ನು ದೂರಿದೆ. ತಕ್ಕಡಿಯ ಮೇಲೆ ಅನುಮಾನ ಬರಲು ತಿಂಗಳುಗಳೇ ಬೇಕಾದವು.

ತಕ್ಕಡಿ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ‘ಎಷ್ಟು ನಿಖರ?’ ಎಂದು. ನನ್ನ ಲೆಕ್ಕದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ನಾನು ತೂಗಬೇಕಾಗಿ ಬರುವ ಅತಿ ಚಿಕ್ಕ ಪ್ರಮಾಣ ಯಾವುದು, ಅದನ್ನು ತೂಗದೆಯೇ ಪಾರಾಗುವ ದಾರಿ ಇದೆಯೇ? ಈ ಎರಡಕ್ಕೆ ಉತ್ತರ ಸಿಕ್ಕರೆ ತಕ್ಕಡಿ ತಾನಾಗಿಯೇ ಗೊತ್ತಾಗುತ್ತದೆ.

ಯಾವ ವಿಧಾನ ಎಷ್ಟು ತಾಳಿಕೊಳ್ಳುತ್ತದೆ

ನೀಲಿ ಚಿತ್ರ ಕೊಡುವ ಸಯನೋಟೈಪ್ ಎಲ್ಲಕ್ಕಿಂತ ಸಾಧು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನಕ್ಕೆ ಇಂದು ಬಳಕೆಯಲ್ಲಿರುವ ಸಾಮಾನ್ಯ ಸೂತ್ರ ಹೀಗಿದೆ: 100 ಮಿಲಿ ನೀರಿನಲ್ಲಿ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲಿಯಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, ಬಳಸುವಾಗ ಎರಡನ್ನೂ ಸಮಪಾಲು. ಕೆಲವರು 20 ಮತ್ತು 8 ಎಂದು ಹಾಕುತ್ತಾರೆ. ಅವರಿಗೂ ನೀಲಿ ಬರುತ್ತದೆ, ಇವರಿಗೂ ನೀಲಿ ಬರುತ್ತದೆ. ಐದನೇ ಒಂದು ಭಾಗ ಕಡಿಮೆ ಹಾಕಿದವರೂ ಚಿತ್ರ ಮಾಡುತ್ತಿದ್ದಾರೆ ಎಂದ ಮೇಲೆ 25ರ ಬದಲು 24.8 ಆಯಿತೆಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಫೆರಿಕ್ ಅಮೋನಿಯಂ ಸಿಟ್ರೇಟ್‌ಗೆ ಅಡುಗೆ ಉಪ್ಪಿಗಿರುವಂತೆ ಖಚಿತವಾದ ಒಂದೇ ರಚನೆ ಇಲ್ಲ. ಅದರಲ್ಲಿರುವ ಕಬ್ಬಿಣದ ಪಾಲು ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ಸಾಲದ್ದಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಂಥ ಪುಡಿಯನ್ನು ಮಿಲಿಗ್ರಾಂ ಮಟ್ಟದಲ್ಲಿ ತೂಗುವುದೆಂದರೆ ಒದ್ದೆ ಬಟ್ಟೆಯನ್ನು ಅಕ್ಕಸಾಲಿಗನ ತಕ್ಕಡಿಗೆ ಹಾಕಿದಂತೆ.

ವ್ಯಾನ್ ಡೈಕ್ ಅಷ್ಟು ಸಾಧುವಲ್ಲ. 9 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, 1.5 ಗ್ರಾಂ ಟಾರ್ಟಾರಿಕ್ ಆಮ್ಲ, 3.8 ಗ್ರಾಂ ಸಿಲ್ವರ್ ನೈಟ್ರೇಟ್. ಪ್ರತಿಯೊಂದೂ 33 ಮಿಲಿ ಬಟ್ಟಿ ಇಳಿಸಿದ ನೀರಿನಲ್ಲಿ, ಬೆಳ್ಳಿಯ ದ್ರಾವಣವನ್ನು ಕೊನೆಗೆ ಕಲಕುತ್ತ ನಿಧಾನವಾಗಿ ಸೇರಿಸಿ, ಒಟ್ಟು 100 ಮಿಲಿಗೆ ತರಬೇಕು. ಇಲ್ಲಿ 1.5 ಎಂಬ ಸಂಖ್ಯೆಯೇ ತಕ್ಕಡಿಯನ್ನು ಆರಿಸುತ್ತದೆ. ಪೂರ್ಣ ಗ್ರಾಂ ತೋರಿಸುವ ತಕ್ಕಡಿಯಲ್ಲಿ ಅರ್ಧ ಗ್ರಾಂ ಅತ್ತಿತ್ತ ಆದರೆ ಮೂರನೇ ಒಂದು ಭಾಗ ತಪ್ಪಿದಂತೆ. 0.1 ಗ್ರಾಂ ತೋರಿಸುವುದರಲ್ಲಿ ಒಂದು ಅಂಕಿ ತಪ್ಪಿದರೆ ಶೇ 7ರ ಹತ್ತಿರ. 0.01 ಗ್ರಾಂನದರಲ್ಲಿ ಶೇ 1ಕ್ಕಿಂತ ಕಡಿಮೆ, ಚಿಂತೆ ಮುಗಿಯಿತು.

ಉಪ್ಪುನೀರು ಹಚ್ಚಿದ ಕಾಗದಕ್ಕೆ ಬೆಳ್ಳಿಯ ದ್ರಾವಣ ಬಳಿಯುವ ಸಾಲ್ಟ್ ಪ್ರಿಂಟ್‌ನಲ್ಲಿ ಎರಡು ಹದಗಳಿವೆ. ಕಾಗದಕ್ಕೆ ಹಚ್ಚುವ ಶೇ 2ರ ಉಪ್ಪುನೀರಿಗೆ 0.1 ಗ್ರಾಂ ತಕ್ಕಡಿ ಧಾರಾಳ. ಶೇ 12ರ ಆಸುಪಾಸಿನ ಸಿಲ್ವರ್ ನೈಟ್ರೇಟ್ ದುಬಾರಿ ವಸ್ತು, ಅದನ್ನು ಜಾಗ್ರತೆಯಿಂದ ಮಾಡಬೇಕು. ಆದರೆ ಅದಕ್ಕೂ ತಕ್ಕಡಿ ಬೇಡದ ಉಪಾಯವೊಂದಿದೆ, ಮುಂದೆ ಹೇಳುತ್ತೇನೆ.

ಅಂಟು, ಜಲವರ್ಣ, ಡೈಕ್ರೋಮೇಟ್ ಬೆರೆಸಿ ಬಳಿಯುವ ಗಮ್ ಬೈಕ್ರೋಮೇಟ್ ಮಾಡುವವರು ಪೊಟ್ಯಾಸಿಯಂ ಡೈಕ್ರೋಮೇಟ್‌ನ ಪರ್ಯಾಪ್ತ ದ್ರಾವಣ ಬಳಸುವುದಾದರೆ ತೂಕವೇ ಬೇಡ. ತಳದಲ್ಲಿ ಕರಗದ ಹರಳು ಉಳಿದಿದ್ದರೆ ಸಾಕು. ಒಂದೇ ಎಚ್ಚರಿಕೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರು ಸುಮಾರು 12 ಗ್ರಾಂ ಕರಗಿಸಿಕೊಳ್ಳುತ್ತದೆ, ಮಂಜುಗಡ್ಡೆಯ ತಣ್ಪಿನಲ್ಲಿ 5 ಗ್ರಾಂನಷ್ಟು ಮಾತ್ರ. ಚಳಿಗಾಲದ ‘ಪರ್ಯಾಪ್ತ’ವೂ ಬೇಸಿಗೆಯ ‘ಪರ್ಯಾಪ್ತ’ವೂ ಒಂದೇ ಅಲ್ಲ. ಗಮ್‌ನಲ್ಲಿ ನಿಜವಾಗಿ ತೂಗಬೇಕಾದದ್ದು ಬಣ್ಣವನ್ನು. ಟ್ಯೂಬಿನಿಂದ ಹಿಂಡಿದ ಜಲವರ್ಣವನ್ನು ‘ಬೆರಳುದ್ದ’ ಎಂದು ಅಳೆಯುವವರಿಗೆ ಎರಡನೇ ಲೇಪಕ್ಕೇ ಬಣ್ಣ ಕೈಕೊಡುತ್ತದೆ.

ಆ ಲೋಹಗಳ ಲವಣಗಳಿಂದಲೇ ಚಿತ್ರ ಮೂಡಿಸುವ ಪ್ಲಾಟಿನಂ-ಪಲ್ಲೇಡಿಯಂ ವಿಧಾನದಲ್ಲಿ ದಿನನಿತ್ಯದ ಕೆಲಸ ಹನಿಗಳ ಲೆಕ್ಕದ್ದು, ಹಾಗಾಗಿ ಅದು ದ್ರವಗಳ ಭಾಗಕ್ಕೆ ಸೇರಿದ್ದು.

ತಕ್ಕಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಚಮಚ. ಇದನ್ನು ತಕ್ಕಡಿ ಎನ್ನಲಾಗದು, ಆದರೂ ಕೇಳುವವರು ಇದ್ದೇ ಇರುತ್ತಾರೆ. ಒಂದೇ ಚಮಚದಲ್ಲಿ ಸಡಿಲವಾಗಿ ತುಂಬಿದ ಪುಡಿಗೂ ಒತ್ತಿ ತುಂಬಿದ ಪುಡಿಗೂ ತೂಕ ಬೇರೆ, ಹರಳಿಗೂ ಹಿಟ್ಟಿಗೂ ಬೇರೆ. ಉಪ್ಪುನೀರಿಗೆ ಸರಿ, ತೊಳೆಯುವ ನೀರಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಲು ಸರಿ. ಬೆಳಕಿಗೆ ಸ್ಪಂದಿಸುವ ಯಾವ ದ್ರಾವಣಕ್ಕೂ ಬೇಡ.

ಅಡುಗೆಮನೆಯ 1 ಗ್ರಾಂ ತಕ್ಕಡಿ. ಹೈಪೋ, ಅಂದರೆ ಬೆಳ್ಳಿಯ ಚಿತ್ರವನ್ನು ಸ್ಥಿರಗೊಳಿಸುವ ಸೋಡಿಯಂ ಥಯೋಸಲ್ಫೇಟ್, ಲೀಟರಿಗೆ 50 ಗ್ರಾಂ ಹಾಕುವಂಥ ಕೆಲಸಕ್ಕೆ ಇದು ಚೆನ್ನಾಗಿಯೇ ಇದೆ. ಆದರೆ ಒಮ್ಮೆ ರಾಸಾಯನಿಕ ಸೋಕಿದ ತಕ್ಕಡಿಯನ್ನು ಅಡುಗೆಗೆ ಮರಳಿಸಬಾರದು. ಚಮಚ, ಲೋಟ, ಪಾತ್ರೆಗಳಿಗೂ ಇದೇ ಮಾತು.

0.1 ಗ್ರಾಂ ತಕ್ಕಡಿ. ಸಯನೋಟೈಪ್ ಒಂದನ್ನೇ ಮಾಡುವವರಿಗೆ ಇದೇ ಸಾಕು. ಇದರ ದೊಡ್ಡ ಗುಣ ಸಾಮರ್ಥ್ಯ: 1 ಅಥವಾ 2 ಕಿಲೋವರೆಗೆ ತೂಗುವ ಮಾದರಿಗಳು ಸಿಗುತ್ತವೆ, ಹಾಗಾಗಿ ದೊಡ್ಡ ಬೀಕರನ್ನೇ ಮೇಲಿಟ್ಟು ಕೆಲಸ ಮಾಡಬಹುದು.

0.01 ಗ್ರಾಂ, 200 ಗ್ರಾಂ ಸಾಮರ್ಥ್ಯದ ತಕ್ಕಡಿ. ಒಂದೇ ಒಂದು ಕೊಳ್ಳುವುದಾದರೆ ಇದನ್ನು ಕೊಳ್ಳಿ. ನಾನು ಪಾಲಿಸುವ ನಿಯಮ ಸರಳ: ತಕ್ಕಡಿ ತೋರಿಸುವ ಅತಿ ಚಿಕ್ಕ ಅಂಕಿಯ ನೂರು ಪಟ್ಟಿಗಿಂತ ಕಡಿಮೆ ಇರುವುದನ್ನು ಅದರಲ್ಲಿ ತೂಗುವುದಿಲ್ಲ. ಅಂದರೆ ಇದರಲ್ಲಿ 1 ಗ್ರಾಂಗಿಂತ ಮೇಲಿನದೆಲ್ಲ ನಿಶ್ಚಿಂತೆ. ನೆನಪಿರಲಿ, 200 ಗ್ರಾಂ ಎಂದರೆ ಪಾತ್ರೆಯೂ ಸೇರಿ. ದಪ್ಪ ಗಾಜಿನ ಬೀಕರ್ ಒಂದೇ ಆ ಮಿತಿಯನ್ನು ನುಂಗಿಬಿಡಬಲ್ಲದು. ಹಗುರವಾದ ಪ್ಲಾಸ್ಟಿಕ್ ಬಟ್ಟಲು ಅಥವಾ ಮಡಚಿದ ನುಣುಪು ಕಾಗದ ಬಳಸಿ.

0.001 ಗ್ರಾಂ ತಕ್ಕಡಿ. ನೋಡಿದರೆ ಆಸೆಯಾಗುತ್ತದೆ. ನನಗೂ ಆಯಿತು, ಕೊಂಡೆ. ಉಸಿರು ಬಿಟ್ಟರೆ ಕೊನೆಯ ಅಂಕಿ ಓಡುತ್ತದೆ, ಫ್ಯಾನ್ ಹಾಕುವಂತಿಲ್ಲ, ಮೇಜಿಗೆ ಮೊಣಕೈ ತಾಗುವಂತಿಲ್ಲ. ಒಣಹವೆಯಲ್ಲಿ ಪ್ಲಾಸ್ಟಿಕ್ ಬಟ್ಟಲಿನ ಸ್ಥಿರವಿದ್ಯುತ್ತೇ ಸಂಖ್ಯೆಯನ್ನು ಆಡಿಸುತ್ತದೆ. ಸಾಮರ್ಥ್ಯ ಇಪ್ಪತ್ತು ಮೂವತ್ತು ಗ್ರಾಂನಷ್ಟೇ ಇರುವ ಮಾದರಿಗಳಲ್ಲಿ ಬೀಕರ್ ಇಡುವ ಮಾತೇ ಇಲ್ಲ. ಪ್ಲಾಟಿನಂ, ಪಲ್ಲೇಡಿಯಂ, ಚಿನ್ನದ ಲವಣಗಳನ್ನು ಅರ್ಧ ಗ್ರಾಂ, ಕಾಲು ಗ್ರಾಂ ಲೆಕ್ಕದಲ್ಲಿ ಒಡೆಯಬೇಕಾದವರಿಗೆ ಇದು ಬೇಕು. ಉಳಿದವರಿಗೆ ಬೇಡ.

ಮೂರು ದಂಡದ ಯಾಂತ್ರಿಕ ತಕ್ಕಡಿ. ಶಾಲೆಯ ಪ್ರಯೋಗಾಲಯದಲ್ಲಿ ನೋಡಿರುತ್ತೀರಿ. 0.1 ಗ್ರಾಂವರೆಗೆ ಓದುತ್ತದೆ, ಬ್ಯಾಟರಿ ಬೇಡ, ಕೆಲಸದ ನಡುವೆ ತಾನೇ ಆರಿಹೋಗುವುದಿಲ್ಲ, ಮಂದ ಬೆಳಕಿನಲ್ಲಿ ಪರದೆ ಹೊಳೆದು ಕಣ್ಣು ಚುಚ್ಚುವುದಿಲ್ಲ. ನಿಧಾನ, ಅಷ್ಟೇ. ಹಳೆಯದೊಂದು ಸುಸ್ಥಿತಿಯಲ್ಲಿ ಸಿಕ್ಕರೆ ನಾನಂತೂ ಬಿಡುವುದಿಲ್ಲ.

ಯಾವುದನ್ನೇ ಕೊಂಡರೂ ಜತೆಗೆ 100 ಗ್ರಾಂನ ಒಂದು ಪರೀಕ್ಷಾ ತೂಕ ಇರಲಿ. ಎಂ1 ಎಂಬ ನಿಖರತೆಯ ದರ್ಜೆಯ 100 ಗ್ರಾಂ ತೂಕಕ್ಕೆ ಅನುಮತಿಸಿದ ವ್ಯತ್ಯಾಸ 5 ಮಿಲಿಗ್ರಾಂ, ಹಾಗಾಗಿ 0.01 ಗ್ರಾಂ ತಕ್ಕಡಿಯನ್ನು ಪರೀಕ್ಷಿಸಲು ಅದು ಸಾಕು. ತೂಕವನ್ನು ತಟ್ಟೆಯ ನಡುವೆ ಇಟ್ಟು ನೋಡಿ, ನಾಲ್ಕು ಮೂಲೆಗಳಲ್ಲೂ ಇಟ್ಟು ನೋಡಿ. ಮೂಲೆಗೊಂದು ಸಂಖ್ಯೆ ಬಂದರೆ ಮುಂದೆ ಯಾವಾಗಲೂ ನಡುವೆಯೇ ಇಡಬೇಕು ಎಂದಾದರೂ ಗೊತ್ತಾಯಿತು.

ಡಿಜಿಟಲ್ ತಕ್ಕಡಿಯ ಒಂದು ಕಳ್ಳಾಟ

ಪುಡಿಯನ್ನು ತೀರ ನಿಧಾನವಾಗಿ ಉದುರಿಸಿದರೆ ಅನೇಕ ಡಿಜಿಟಲ್ ತಕ್ಕಡಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊನ್ನೆಯ ಹತ್ತಿರದ ಪುಟ್ಟ ಏರಿಳಿತವನ್ನು ಗಾಳಿಯದೋ ತಾಪದ್ದೋ ಎಂದು ತಿಳಿದು ತಾವೇ ಮತ್ತೆ ಸೊನ್ನೆಗೆ ತಂದುಬಿಡುವಂತೆ ಅವುಗಳನ್ನು ಮಾಡಿರುತ್ತಾರೆ. ನೀವು ನಾಲ್ಕು ಕಣ ಹಾಕುತ್ತೀರಿ, ಅದು ಸೊನ್ನೆ ಎನ್ನುತ್ತದೆ. ಇನ್ನೂ ನಾಲ್ಕು ಕಣ, ಮತ್ತೆ ಸೊನ್ನೆ. ಕಣ್ಣೆದುರು ಬಟ್ಟಲಲ್ಲಿ ಪುಡಿ ಬಿದ್ದಿದೆ, ಪರದೆ ಮಾತ್ರ 0.00. ನನ್ನ ಮೊದಲ ದ್ರಾವಣದ ಆ ಮೂರು ಸೊನ್ನೆಗಳಲ್ಲಿ ಎಷ್ಟು ಈ ಆಟದ್ದು ಎಂದು ಈಗ ಹೇಳಲಾರೆ.

ಇದಕ್ಕೆ ಮದ್ದು ಸುಲಭ. ಬಟ್ಟಲಿಟ್ಟು ಸೊನ್ನೆ ಮಾಡುವ ಗುಂಡಿ ಒತ್ತಬೇಡಿ. ಬಟ್ಟಲಿನ ತೂಕ 4.32 ಎಂದು ತೋರಿಸಿದರೆ ಹಾಗೆಯೇ ಬಿಡಿ, 5.82 ಆಗುವವರೆಗೆ ಪುಡಿ ಹಾಕಿ. ಕೂಡುವ ಲೆಕ್ಕ ನಿಮ್ಮದು, ತಕ್ಕಡಿಗೆ ಮೋಸ ಮಾಡಲು ಸೊನ್ನೆಯೇ ಇರುವುದಿಲ್ಲ. ಅನುಮಾನ ಬಂದರೆ ಬಟ್ಟಲನ್ನು ಪೂರ್ತಿ ಎತ್ತಿ ಮತ್ತೆ ಇಡಿ.

ಡೈಕ್ರೋಮೇಟ್‌ನಂಥ ವಿಷದ ಪುಡಿಗೆ ನಾನು ಇದನ್ನು ತಲೆಕೆಳಗು ಮಾಡುತ್ತೇನೆ. ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅದರಿಂದ ಚಮಚದಲ್ಲಿ ತೆಗೆದು ನೇರವಾಗಿ ನೀರಿನ ಬೀಕರಿಗೆ ಹಾಕುತ್ತೇನೆ. ಪರದೆಯಲ್ಲಿ ಋಣ ಚಿಹ್ನೆಯೊಂದಿಗೆ ತೆಗೆದ ತೂಕ ಕಾಣುತ್ತದೆ. ಬಟ್ಟಲಿನಿಂದ ಬೀಕರಿಗೆ ಸುರಿಯುವ, ಧೂಳೆಬ್ಬಿಸುವ ಒಂದು ಹಂತ ತಪ್ಪುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಕೈಗವಸು, ಮುಖಗವಸು ಬೇಕೇ ಬೇಕು. ಸಿಲ್ವರ್ ನೈಟ್ರೇಟ್‌ಗೆ ಕನ್ನಡಕ ಕಡ್ಡಾಯ, ಚರ್ಮದ ಮೇಲಿನ ಕಪ್ಪು ಕಲೆ ಹೋಗಬಹುದು, ಕಣ್ಣಿನ ಗಾಯ ಹೋಗದಿರಬಹುದು. ಫೆರಿಸಯನೈಡ್ ಇರುವ ಮೇಜಿನ ಮೇಲೆ ಪ್ರಬಲ ಆಮ್ಲಗಳು ಬೇಡ; ಅವೆರಡು ಬೆರೆತು ಬಿಸಿಯಾದರೆ ಸಯನೈಡ್ ಅನಿಲ ಹೊರಬರುತ್ತದೆ.

ತೂಗದೆ ಪಾರಾಗುವ ದಾರಿ

ಬ್ರಿಟಿಷ್ ರಸಾಯನಶಾಸ್ತ್ರಜ್ಞ ಮೈಕ್ ವೇರ್ ರೂಪಿಸಿದ ಹೊಸ ಸಯನೋಟೈಪ್‌ನ ಮೊದಲ ಸೂತ್ರದಲ್ಲಿ 100 ಮಿಲಿಗೆ 30 ಗ್ರಾಂ ಅಮೋನಿಯಂ ಫೆರಿಕ್ ಆಕ್ಸಲೇಟ್, 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಜತೆಗೆ 0.1 ಗ್ರಾಂ ಅಮೋನಿಯಂ ಡೈಕ್ರೋಮೇಟ್ ಇದೆ. ಆ 0.1 ಗ್ರಾಂಗಾಗಿ ಮಿಲಿಗ್ರಾಂ ತಕ್ಕಡಿ ಕೊಂಡವರನ್ನು ನಾನು ಬಲ್ಲೆ. ಬೇಕಿರಲಿಲ್ಲ. 10 ಗ್ರಾಂ ತೂಗಿ 100 ಮಿಲಿ ದ್ರಾವಣ ಮಾಡಿಟ್ಟುಕೊಂಡರೆ ಅದರ 1 ಮಿಲಿಯಲ್ಲಿ 0.1 ಗ್ರಾಂ ಇರುತ್ತದೆ. ಸಿರಿಂಜಿನಿಂದ 1 ಮಿಲಿ ಹಾಕಿ, ಅಷ್ಟು ನೀರು ಕಡಿಮೆ ಮಾಡಿ. ತೂಗಲು ಕಷ್ಟವಾದ ಚಿಕ್ಕ ತೂಕ ಅಳೆಯಲು ಸುಲಭವಾದ ದ್ರವವಾಯಿತು. ಅಪಾಯದ ಪುಡಿಯ ಡಬ್ಬಿಯನ್ನು ಪದೇ ಪದೇ ತೆರೆಯುವುದೂ ತಪ್ಪಿತು.

ಎರಡನೆಯ ಉಪಾಯ ಇನ್ನೂ ಸರಳ: ಬಾಟಲಿ ಪೂರ್ತಿ ಕರಗಿಸಿಬಿಡುವುದು. ಸಿಲ್ವರ್ ನೈಟ್ರೇಟ್ 25 ಗ್ರಾಂನ ಬಾಟಲಿಯಲ್ಲಿ ಬಂದರೆ ಪೂರ್ತಿ ಕರಗಿಸಿ 208 ಮಿಲಿಗೆ ತನ್ನಿ, ಶೇ 12ರ ದ್ರಾವಣ ಸಿದ್ಧ. ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಸಲ ಕುಲುಕಿ ಸೇರಿಸಿದರೆ ಗೋಡೆಗೆ ಅಂಟಿದ್ದೂ ಬರುತ್ತದೆ. ಗೋಲ್ಡ್ ಕ್ಲೋರೈಡ್ 1 ಗ್ರಾಂನ ಸೀಸೆಯಲ್ಲಿ ಬಂದರೆ 100 ಮಿಲಿಗೆ ತಂದು ಶೇ 1 ಎಂದು ಬರೆಯಿರಿ. ಚಿನ್ನವನ್ನು ಗುಲಗಂಜಿ ಲೆಕ್ಕದಲ್ಲಿ ತೂಗುವ ಗೋಜು ನಿಮಗೇಕೆ?

ಇಲ್ಲಿ ‘100 ಮಿಲಿಗೆ ತನ್ನಿ’ ಎಂಬುದನ್ನು ಗಮನಿಸಿ. 100 ಮಿಲಿ ನೀರಿಗೆ 25 ಗ್ರಾಂ ಪುಡಿ ಹಾಕಿದರೆ ಸಿಗುವ ದ್ರಾವಣ 100 ಮಿಲಿಗಿಂತ ಹೆಚ್ಚು. ಸೂತ್ರ ಯಾವ ಅರ್ಥದಲ್ಲಿ ಹೇಳಿದೆ ಎಂದು ನೋಡಿಕೊಳ್ಳಿ. ಹೇಳದಿದ್ದರೆ ಒಂದನ್ನು ಆರಿಸಿ, ಪ್ರತಿ ಸಲವೂ ಅದನ್ನೇ ಮಾಡಿ.

ದ್ರವ ಅಳೆಯುವವು

ಬೀಕರಿನ ಮೇಲಿನ ಗೆರೆಗಳನ್ನು ಅಳತೆ ಎಂದುಕೊಳ್ಳಬೇಡಿ. ಶೇ 5ರಷ್ಟು ಅತ್ತಿತ್ತ ಇರುವುದು ಅವುಗಳಿಗೆ ಸಹಜ. ಅಳತೆಯ ಸಿಲಿಂಡರ್ ಅವಕ್ಕಿಂತ ಎಷ್ಟೋ ಮೇಲು. 100 ಮಿಲಿಯದರಲ್ಲಿ ಎ ದರ್ಜೆಯದಾದರೆ ಅರ್ಧ ಮಿಲಿ, ಬಿ ದರ್ಜೆಯದಾದರೆ 1 ಮಿಲಿ ವ್ಯತ್ಯಾಸ. ಆದರೆ ಅದೇ ಸಿಲಿಂಡರಿನಲ್ಲಿ 3 ಮಿಲಿ ಅಳೆಯಲು ಹೋದರೆ ಆ 1 ಮಿಲಿಯೇ ಮೂರನೇ ಒಂದು ಭಾಗ. 100, 25 ಮತ್ತು 10 ಮಿಲಿಯ ಮೂರು ಸಿಲಿಂಡರ್ ಇದ್ದರೆ ಮನೆಯ ಕೆಲಸ ನಡೆಯುತ್ತದೆ. ಕಣ್ಣು ದ್ರವದ ಮಟ್ಟಕ್ಕೆ ಬಗ್ಗಲಿ, ಬಾಗಿದ ಮೇಲ್ಮೈಯ ತಳವನ್ನು ಓದಿ.

ನೀರನ್ನಾದರೆ ತಕ್ಕಡಿಯಲ್ಲೇ ಅಳೆಯಬಹುದು: ಕೋಣೆಯ ತಾಪದಲ್ಲಿ 1 ಮಿಲಿಗೆ ಬಹುಮಟ್ಟಿಗೆ 1 ಗ್ರಾಂ. ದ್ರಾವಣಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಶೇ 12ರ ಸಿಲ್ವರ್ ನೈಟ್ರೇಟ್ 100 ಮಿಲಿಗೆ 110 ಗ್ರಾಂನಷ್ಟು ತೂಗುತ್ತದೆ.

ಲೇಪಕ್ಕೆ ಬೇಕಾದ ಎರಡು ಮೂರು ಮಿಲಿಗೆ ಸೂಜಿಯಿಲ್ಲದ ಸಿರಿಂಜ್ ಅತ್ಯುತ್ತಮ. 1 ಮಿಲಿಯದರಲ್ಲಿ 0.01 ಮಿಲಿಯ ಗೆರೆಗಳಿರುತ್ತವೆ. ದ್ರಾವಣಕ್ಕೊಂದು ಸಿರಿಂಜ್, ಅದರ ಮೇಲೆ ಹೆಸರು. ಈ ಶಿಸ್ತು ತಪ್ಪಿದರೆ ಸಯನೋಟೈಪ್‌ನ ಎರಡು ಸೀಸೆಗಳಲ್ಲಿ ಒಂದು ಕೆಲವೇ ದಿನಗಳಲ್ಲಿ ನೀಲಿಗೆ ತಿರುಗಿ ನಿಮ್ಮ ತಪ್ಪನ್ನು ಒಪ್ಪಿಸುತ್ತದೆ. ಬೆಳ್ಳಿಯ ದ್ರಾವಣಕ್ಕೆ ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್‌ನ ಸಿರಿಂಜ್ ಇರಲಿ, ರಬ್ಬರ್ ಕಪ್ಪಾಗುತ್ತದೆ.

ಇನ್ನು ಹನಿ. 20 ಹನಿಗೆ 1 ಮಿಲಿ ಎಂಬುದು ಬಾಯಿಪಾಠದ ಲೆಕ್ಕ. ನನ್ನಲ್ಲಿದ್ದ ಎರಡು ಡ್ರಾಪರ್‌ಗಳಿಂದ ನೀರಿನ 20 ಹನಿಗಳನ್ನು ತೂಗಿ ನೋಡಿದೆ: ಗಾಜಿನದು 0.96 ಗ್ರಾಂ, ಪ್ಲಾಸ್ಟಿಕ್‌ನದು 0.74. ಓರೆಯಾಗಿ ಹಿಡಿದರೆ ಮತ್ತೆ ಬೇರೆ. ದ್ರಾವಣ ಕಾಗದಕ್ಕೆ ಸುಲಭವಾಗಿ ಇಂಗಲೆಂದು ಟ್ವೀನ್‌ನಂಥದ್ದನ್ನು ಬೆರೆಸಿದರೆ ಮೇಲ್ಮೈ ಎಳೆತ ತಗ್ಗಿ ಹನಿಯೂ ಕಿರಿದಾಗುತ್ತದೆ. ಹಾಗಾದರೆ ಪ್ಲಾಟಿನಂ ಮುದ್ರಕರು ಇಷ್ಟು ವರ್ಷ ಹನಿ ಎಣಿಸಿ ಕೆಲಸ ಮಾಡಿದ್ದು ಹೇಗೆ? ಅವರಿಗೆ ಬೇಕಾದದ್ದು ಅನುಪಾತ. ಫೆರಿಕ್ ಆಕ್ಸಲೇಟ್ 12 ಹನಿ, ಲೋಹದ ದ್ರಾವಣ 12 ಹನಿ ಎಂದರೆ ಎರಡೂ ಒಂದೇ ಬಗೆಯ ಡ್ರಾಪರಿನಿಂದ, ನೆಟ್ಟಗೆ ಹಿಡಿದ ಕೈಯಿಂದ ಬಿದ್ದರೆ ಸಮಪಾಲು ಸಮಪಾಲೇ. ಡ್ರಾಪರ್ ಒಡೆದು ಬೇರೆ ಬಗೆಯದು ತಂದ ದಿನ ಮಾತ್ರ ಪಂಚಾಯ್ತಿ ಶುರುವಾಗುತ್ತದೆ. ಒಂದೇ ಬಗೆಯವನ್ನು ಡಜನ್ ಕೊಂಡಿಡಿ, ಇಲ್ಲವೇ ಸಿರಿಂಜಿಗೆ ಬನ್ನಿ. ನಾನು ಸಿರಿಂಜಿಗೆ ಬಂದೆ.

ಹಳೆಯ ಸೂತ್ರಗಳ ಗ್ರೇನ್, ಔನ್ಸ್

ಹತ್ತೊಂಬತ್ತನೇ ಶತಮಾನದ ಕೈಪಿಡಿಗಳಲ್ಲಿ ‘ಔನ್ಸಿಗೆ 60 ಗ್ರೇನ್’ ಎಂಬಂಥ ಸೂತ್ರಗಳು ಸಿಗುತ್ತವೆ. 1 ಗ್ರೇನ್ ಎಂದರೆ 0.0648 ಗ್ರಾಂ, ಅದರಲ್ಲಿ ಗೊಂದಲವಿಲ್ಲ. ಗೊಂದಲ ಔನ್ಸಿನದು. ಔಷಧ ವ್ಯಾಪಾರಿಗಳ ಔನ್ಸ್ 480 ಗ್ರೇನ್, 31.1 ಗ್ರಾಂ, ಸಾಮಾನ್ಯ ವ್ಯಾಪಾರದ ಔನ್ಸ್ 437.5 ಗ್ರೇನ್, 28.35 ಗ್ರಾಂ. ದ್ರವದ ಔನ್ಸ್ ಬ್ರಿಟನ್ನಿನಲ್ಲಿ 28.4 ಮಿಲಿ, ಅಮೆರಿಕದಲ್ಲಿ 29.6. ಪೈಂಟ್ ಅಂತೂ ಬ್ರಿಟನ್ನಿನಲ್ಲಿ 568 ಮಿಲಿ, ಅಮೆರಿಕದಲ್ಲಿ 473. ಆದ್ದರಿಂದ ಪುಸ್ತಕ ಎಲ್ಲಿ ಅಚ್ಚಾಯಿತು ಎಂದು ಮೊದಲು ನೋಡಿ. ಔನ್ಸಿಗೆ 60 ಗ್ರೇನ್ ಎಂಬುದು ಬ್ರಿಟಿಷ್ ಲೆಕ್ಕದಲ್ಲಿ ಶೇ 13.7, ಅಮೆರಿಕದ ಲೆಕ್ಕದಲ್ಲಿ ಶೇ 13.1, ಇಷ್ಟು ಅಂತರವನ್ನು ಸಾಲ್ಟ್ ಪ್ರಿಂಟ್ ನುಂಗಿಕೊಳ್ಳುತ್ತದೆ. ಪೈಂಟಿನ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದು.

ಎಷ್ಟೇ ಒಳ್ಳೆಯ ತಕ್ಕಡಿಯೂ ಹಿಡಿಯಲಾರದ ತಪ್ಪೊಂದಿದೆ, ಅದು ಹರಳಿನೊಳಗಿನ ನೀರಿನದು. ಹರಳು ರೂಪದ ಹೈಪೋದಲ್ಲಿ ನೀರಿನ ಐದು ಅಣುಗಳು ಸೇರಿರುತ್ತವೆ, ನಿರ್ಜಲ ಪುಡಿಯಲ್ಲಿ ಇರುವುದಿಲ್ಲ. ಅಣುತೂಕ ಒಂದರದು 248, ಇನ್ನೊಂದರದು 158. ಸೂತ್ರ ಹರಳನ್ನು ಹೇಳಿ ನಿಮ್ಮಲ್ಲಿ ಪುಡಿ ಇದ್ದರೆ ಒಂದೂವರೆ ಪಟ್ಟಿಗೂ ಮೀರಿ ಹಾಕಿಬಿಡುತ್ತೀರಿ, ವ್ಯಾನ್ ಡೈಕ್ ಚಿತ್ರದ ತಿಳಿ ಭಾಗಗಳು ಕಣ್ಣೆದುರೇ ಮಾಸಿಹೋಗುತ್ತವೆ. ಸೋಡಿಯಂ ಕಾರ್ಬೊನೇಟ್, ಆಕ್ಸಲಿಕ್ ಆಮ್ಲಗಳಲ್ಲೂ ಇದೇ ಕಥೆ. ಲೇಬಲ್ ಓದಿ ಯಾವ ರೂಪ ಎಂದು ಖಚಿತಪಡಿಸಿಕೊಂಡ ಮೇಲೆಯೇ ತಕ್ಕಡಿಯ ಗುಂಡಿ ಒತ್ತಿ. ನನ್ನ ಹೈಪೋ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಶಾಯಿಯಲ್ಲಿ ‘ಪುಡಿ: 100ಕ್ಕೆ 64’ ಎಂದು ಬರೆದಿದೆ.